ಸೆಂಡೈ ಗುರಿಗಳು: ಸರಾಸರಿಯಿಂದ ತಿಳಿಯುವುದೇನು?

ಪ್ರಕೃತಿ ವಿಕೋಪಗಳ ಹಾನಿಯನ್ನು ತಗ್ಗಿಸಲು ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಮಾರ್ಚ್‌ನಲ್ಲಿ ಜಪಾನಿನ ಸೆಂಡೈ ನಗರದಲ್ಲಿ ಒಂದು ಕಾರ್ಯಚೌಕಟ್ಟನ್ನು ಒಪ್ಪಿಕೊಂಡವು. ಅದರ ಏಳು ಗುರಿಗಳಲ್ಲಿ ಮೊದಲನೆಯದನ್ನು ಗಮನಿಸಿ. ವಿಕೋಪಗಳಿಂದ ಲಕ್ಷ ಜನಸಂಖ್ಯೆಗೆ ಆಗುವ ಸಾವಿನ ಜಾಗತಿಕ ಸರಾಸರಿಯು 2005–2015ಕ್ಕೆ ಹೋಲಿಸಿದರೆ 2020–2030ರಲ್ಲಿ ಕಡಿಮೆಯಾಗಬೇಕು. ಎಷ್ಟು? 'ಗಣನೀಯವಾಗಿ' ಎಂದಷ್ಟೇ ಇದೆ. ಪ್ರಯೋಗದ ವರದಿಯಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಬರೆದರೆ ನಾವು ಅಂಕ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಸರಾಸರಿಯಲ್ಲೇ ಇದೆ. ವಿಕೋಪಗಳ ಸಾವುನೋವು ವರ್ಷಗಳಲ್ಲಿ ಸಮನಾಗಿ ಹಂಚಿಕೆಯಾಗಿರುವುದಿಲ್ಲ. 2005ರ ಕಾಶ್ಮೀರ ಭೂಕಂಪ, 2008ರ ಮೇ ತಿಂಗಳೊಂದರಲ್ಲೇ ಮ್ಯಾನ್ಮಾರಿನ ನರ್ಗಿಸ್ ಚಂಡಮಾರುತ ಹಾಗೂ ಚೀನಾದ ಸಿಚುವಾನ್ ಭೂಕಂಪ, 2010ರ ಹೈಟಿ ಭೂಕಂಪ: ಈ ನಾಲ್ಕನ್ನು ತೆಗೆದರೆ ಮೊದಲ ಅವಧಿಯ ಸರಾಸರಿ ಕುಸಿದುಬೀಳುತ್ತದೆ. ಹಾಗಾಗಿ, ಬಡ ನಗರದ ಬಳಿ ದೊಡ್ಡ ಭೂಕಂಪ ಆಗದ ದಶಕದಲ್ಲಿ, ಒಂದು ಗೋಡೆಯನ್ನೂ ಭದ್ರಪಡಿಸದೆ ಗುರಿ ತಲುಪಿಬಿಡಬಹುದು! 2023ರ ಟರ್ಕಿ–ಸಿರಿಯಾ ಭೂಕಂಪದಂಥ ಒಂದೇ ಘಟನೆಯಿಂದ, ಬೇರೆ ದೇಶಗಳು ವರ್ಷಗಟ್ಟಲೆ ಮಾಡಿದ ಕೆಲಸ ಲೆಕ್ಕದಲ್ಲಿ ಕಾಣದೆಯೂ ಹೋಗಬಹುದು.

ಹೈಟಿಯ ಜೊತೆ ಚಿಲಿಯನ್ನು ಹೋಲಿಸಿ ನೋಡಿ. 2010ರ ಜನವರಿಯಲ್ಲಿ ಹೈಟಿಯಲ್ಲಾದ ಭೂಕಂಪದ ಪರಿಮಾಣ 7.0. (ಪತ್ರಿಕೆಗಳು ಇದನ್ನೇ 'ತೀವ್ರತೆ' ಎನ್ನುತ್ತವೆ, ತೀವ್ರತೆ ಬೇರೆ.) ಮರುತಿಂಗಳು ಚಿಲಿಯಲ್ಲಾದದ್ದು 8.8. ಪರಿಮಾಣ 1 ಹೆಚ್ಚಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ, 1.8 ಹೆಚ್ಚಿದರೆ ಸುಮಾರು 500 ಪಟ್ಟು. ತರಗತಿಯಲ್ಲಿ ಲೆಕ್ಕ ಮಾಡಿಸಿ. ಆದರೆ ಚಿಲಿಯಲ್ಲಿ ಸತ್ತವರು ಸುಮಾರು 500 ಮಂದಿ, ಹೈಟಿಯಲ್ಲಿ ಲಕ್ಷಕ್ಕೂ ಮೀರಿ. ಹೈಟಿಯ ಭೂಕಂಪ ರಾಜಧಾನಿಗೆ ತೀರಾ ಹತ್ತಿರ, ಕಡಿಮೆ ಆಳದಲ್ಲಿ ಆಯಿತೆಂಬುದು ನಿಜ. ಆದರೂ ಚಿಲಿಯಲ್ಲಿ ಭೂಕಂಪ ತಡೆಯುವ ಕಟ್ಟಡಗಳಿಗೆ ನಿಯಮಗಳಿದ್ದವು, ಅವು ಜಾರಿಯಲ್ಲೂ ಇದ್ದವು.

ಬಂಗಾಳಕೊಲ್ಲಿಯ ಉದಾಹರಣೆ ಇನ್ನೂ ಸ್ಪಷ್ಟ. 1970ರ ಚಂಡಮಾರುತದಲ್ಲಿ ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಬಾಂಗ್ಲಾದೇಶವಾದ ಮೇಲೆ, 1972ರಲ್ಲಿ, ಮುನ್ನೆಚ್ಚರಿಕೆಯನ್ನು ಮನೆಮನೆಗೆ ಮುಟ್ಟಿಸುವ ಸ್ವಯಂಸೇವಕರ ಕಾರ್ಯಕ್ರಮ ಆರಂಭವಾಯಿತು. ಆದರೂ 1991ರಲ್ಲಿ ಮತ್ತೆ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆಶ್ರಯ ಕಟ್ಟಡಗಳು ಸಾಲದಾಗಿದ್ದವು. ಇನ್ನಷ್ಟು ಕಟ್ಟಿದರು. 2007ರ ಸಿಡ್ರ್ ಚಂಡಮಾರುತದಲ್ಲಿ ಸತ್ತವರು ಸುಮಾರು 3,400.

ಇಲ್ಲಿ ಅಳೆಯಬೇಕಾದುದನ್ನು ನೇರವಾಗಿ ಅಳೆಯಬಹುದು. ಆಶ್ರಯ ಕಟ್ಟಡ ಎಷ್ಟು ದೂರ, ಎಷ್ಟು ಜನಕ್ಕೆ ಜಾಗ, ಕೊನೆಯ ಮನೆಗೆ ಎಚ್ಚರಿಕೆ ಎಷ್ಟು ಗಂಟೆ ಮೊದಲು ತಲುಪಿತು? ಸೆಂಡೈನ ಐದನೆಯ ಗುರಿ ಎಣಿಸುವುದು ವಿಕೋಪ ನಿರ್ವಹಣೆಯ ಕಾರ್ಯತಂತ್ರ ಹೊಂದಿರುವ ದೇಶಗಳನ್ನು. ಆ ಕಾರ್ಯತಂತ್ರದ ಪ್ರಕಾರ ಕಟ್ಟಿದ ಶಾಲೆಗಳು, ಆಸ್ಪತ್ರೆಗಳು ಎಷ್ಟೆಂದು ಅದು ಕೇಳುವುದೇ ಇಲ್ಲ.