ಕಂತೊಂದರ ಪಾಠಾಂತರ

ಪ್ರಾಚೀನ ಕಾವ್ಯವೊಂದರ ಎರಡು ಓಲೆಪ್ರತಿಗಳು ದೊರೆತಾಗ ಸಂಪಾದಕನು ಅವನ್ನು ಮಗ್ಗುಲುಮಗ್ಗುಲಾಗಿಟ್ಟು ಸಾಲುಸಾಲಾಗಿ ಹೋಲಿಸುತ್ತಾನೆ. ಟೆಲಿವಿಷನ್ ನಾಟಕಕ್ಕೆ ಇಂಥ ಪರೀಕ್ಷೆಯ ಭಾಗ್ಯ ವಿರಳ. ಮುದ್ರಿಸಿದ ಟೇಪನ್ನು ಅಳಿಸಿ ಅದರ ಮೇಲೆಯೇ ಮತ್ತೊಂದು ಕಾರ್ಯಕ್ರಮವನ್ನು ಮುದ್ರಿಸುವುದು ಆ ಮಾಧ್ಯಮದ ಮೊದಲ ದಶಕಗಳ ವಾಡಿಕೆಯಾಗಿತ್ತು. ಹೀಗಿದ್ದರೂ ಬಿ.ಬಿ.ಸಿ.ಯ ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥಾಮಾಲೆಯ ಮೊದಲ ಕಂತು ಎರಡು ಪ್ರತಿಗಳಲ್ಲಿ ಉಳಿದು ಬಂದಿದೆ. 1963ರ ಸೆಪ್ಟೆಂಬರ್ 27ರಂದು ಮುದ್ರಿತವಾಗಿ ತಿರಸ್ಕೃತವಾದುದು ಒಂದು. ಅಕ್ಟೋಬರ್ 18ರಂದು ಹೊಸದಾಗಿ ಮುದ್ರಿತವಾಗಿ ನವೆಂಬರ್ 23ರಂದು ಪ್ರಸಾರವಾದುದು ಇನ್ನೊಂದು. ತಿರಸ್ಕೃತ ಪ್ರತಿ ಬಿ.ಬಿ.ಸಿ.ಯಿಂದ ಪ್ರಸಾರವಾದುದು 1991ರಲ್ಲಿ. ಎರಡನ್ನೂ ಎದುರಿಗಿಟ್ಟು ನೋಡುವವರಿಗೆ, ಇಂಥ ಕೃತಿಯ ಕರ್ತೃ ಯಾರೆಂಬ ಪ್ರಶ್ನೆ ಹುಟ್ಟದೆ ಇರದು.

ಕಥೆ ಸರಳವಾದುದು. ಲಂಡನ್ನಿನ ಶಾಲೆಯೊಂದರ ಇಬ್ಬರು ಉಪಾಧ್ಯಾಯರು—ಚರಿತ್ರೆ ಕಲಿಸುವ ಬಾರ್ಬರಾ, ವಿಜ್ಞಾನ ಕಲಿಸುವ ಇಯನ್—ಸೂಸಾನ್ ಎಂಬ ವಿಚಿತ್ರ ವಿದ್ಯಾರ್ಥಿನಿಯ ಜಾಡು ಹಿಡಿದು ಗುಜರಿ ಸಾಮಾನಿನ ಅಂಗಳವೊಂದಕ್ಕೆ ಬರುತ್ತಾರೆ. ಅಲ್ಲಿ ಪೋಲೀಸರ ಉಪಯೋಗಕ್ಕೆಂದು ಬೀದಿಬದಿಯಲ್ಲಿ ನಿಲ್ಲಿಸುತ್ತಿದ್ದ ಟೆಲಿಫೋನಿನ ನೀಲಿ ಗೂಡೊಂದಿದೆ. ಒಳನುಗ್ಗಿದರೆ ಅದು ವಿಶಾಲವಾದೊಂದು ಕೊಠಡಿ. ಕಾಲದಲ್ಲಿ ಸಂಚರಿಸುವ ಯಂತ್ರ. ಅದರ ಒಡೆಯ, ಹುಡುಗಿಯ ತಾತನಾದ ‘ಡಾಕ್ಟರ್’, ಇಬ್ಬರನ್ನೂ ಹೊರಗೆ ಬಿಡಲೊಲ್ಲದೆ ಯಂತ್ರವನ್ನು ನಡೆಸಿಯೇ ಬಿಡುತ್ತಾನೆ.

ಇದನ್ನು ಕಟ್ಟಿದವರ ಪರಿಚಯ ಅಪ್ರಸ್ತುತವಾಗಲಾರದು. ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಕೆನಡಾದಿಂದ ಬಂದವರು. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ 27 ವರ್ಷದ ತರುಣಿ. ಆ ವಿಭಾಗದಲ್ಲಿ ಆಗ ಬೇರೆ ಮಹಿಳಾ ನಿರ್ಮಾಪಕರಿರಲಿಲ್ಲ. ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಹೋಗಿ, ಕೇಂಬ್ರಿಜ್ಜಿನಲ್ಲಿ ಓದಿದವರು; ಕಾದಂಬರಿಗಾರ್ತಿ ಅತಿಯಾ ಹುಸೇನ್ ಅವರ ಮಗ. ಸ್ವಂತ ಊರನ್ನು ಬಿಟ್ಟು ಬಂದ ತಾತ-ಮೊಮ್ಮಗಳ ಕಥೆಯನ್ನು ಚಿತ್ರಿಸುವ ಕೆಲಸ ಈತನ ಪಾಲಿಗೆ ಬಂದುದು ಆಕಸ್ಮಿಕವೇ ಇರಬಹುದು. ಆದರೆ ಪರವೂರಿನಲ್ಲಿ ಬೆಳೆದ ಮಗುವಿನ ಮುಖವನ್ನು ಕ್ಯಾಮರಾ ಹೇಗೆ ನೋಡಿದೆ ಎಂಬುದು ಗಮನಾರ್ಹ. ಉಪಾಧ್ಯಾಯರ ನೆನಪಿನ ದೃಶ್ಯಗಳಲ್ಲಿ ಅವರ ದನಿ ಮಾತ್ರ ಕೇಳಿಬರುತ್ತದೆ. ತೆರೆಯ ಮೇಲೆ ಸೂಸಾನ್ ಒಬ್ಬಳೇ ನಿಂತು ನೇರವಾಗಿ ನೋಡುಗನಿಗೇ ಉತ್ತರ ಕೊಡುತ್ತಾಳೆ. ತರಗತಿಯೆಲ್ಲ ನಗುತ್ತಿರುವಾಗ ತಾನೇಕೆ ತಪ್ಪಿದೆನೆಂದು ತಿಳಿಯದ ಆ ಮುಖವನ್ನು ಬಹುಕಾಲ ಮರೆಯಲಾಗದು.

ಕೆಲಸ ನಡೆದುದು ಲೈಮ್ ಗ್ರೋವಿನ ‘ಡಿ’ ಸ್ಟುಡಿಯೋದಲ್ಲಿ. ಹಳೆಯ ಚಲನಚಿತ್ರ ಸ್ಟುಡಿಯೋವಾದ ಅದು ಇಕ್ಕಟ್ಟು; ದೀಪಗಳ ಕಾವು ವಿಪರೀತ. ಕಂತೊಂದಕ್ಕೆ ಗೊತ್ತಾದ ಹಣ ಸುಮಾರು 2,300 ಪೌಂಡು. ವಿಡಿಯೋ ಟೇಪನ್ನು ಕತ್ತರಿಸಿ ಜೋಡಿಸುವುದು ಆಗ ಕಷ್ಟದ, ವೆಚ್ಚದ ಕೆಲಸವಾಗಿತ್ತಾದುದರಿಂದ, ಸುಮಾರು 25 ನಿಮಿಷಗಳ ಕಂತನ್ನು ರಂಗನಾಟಕದಂತೆ ಹೆಚ್ಚು ತಡೆಯಿಲ್ಲದೆ ಆಡಿ ಮುಗಿಸಬೇಕಿತ್ತು. ನಟನೊಬ್ಬ ಮಾತು ತಡವರಿಸಿದರೆ ಆ ತಡವರಿಕೆಯೂ ಕೃತಿಯ ಭಾಗವೇ. ಗೋಡೆಯ ಕೆಲಭಾಗ ಬರಿಯ ದೊಡ್ಡದು ಮಾಡಿದ ಛಾಯಾಚಿತ್ರ. ನೀಲಿ ಗೂಡೊಂದು ಕಡೆ, ಅದರ ‘ಒಳಗು’ ಇನ್ನೊಂದು ಕಡೆ. ಎರಡನ್ನೂ ಕೂಡಿಸಿದುದು ಕೇವಲ ದೃಶ್ಯದ ಜಿಗಿತ. ಹೊರಗೆ ಕಿರಿದು, ಒಳಗೆ ಹಿರಿದು ಎಂಬ ಅದ್ಭುತಕ್ಕೆ ಇಷ್ಟೇ ಬಂಡವಾಳ!

ಸೆಪ್ಟೆಂಬರಿನ ಪ್ರತಿಯಲ್ಲಿ ಯಂತ್ರದ ಬಾಗಿಲುಗಳು ಮುಚ್ಚಲೊಪ್ಪದೆ, ಸಂಭಾಷಣೆಯ ನಡುವೆ ತಮ್ಮಷ್ಟಕ್ಕೆ ಬಡಿದಾಡುತ್ತವೆ. ಇಂಥ ದೋಷಗಳಿಗಾಗಿಯೇ ಮರುಮುದ್ರಣವಾಯಿತೆಂದು ಹೇಳುವುದು ರೂಢಿ. ಬಾಗಿಲನ್ನು ಬಡಗಿ ಸರಿಪಡಿಸಬಲ್ಲನು. ನ್ಯೂಮನ್ ಅವರ ನಿಜವಾದ ಆಕ್ಷೇಪಣೆ ಪಾತ್ರವನ್ನು ಕುರಿತದ್ದು. ಮೊದಲ ಪ್ರತಿಯಲ್ಲಿ ವಿಲಿಯಂ ಹಾರ್ಟ್‌ನೆಲ್ ಅವರ ಡಾಕ್ಟರ್ ಕಟುವಾದವನು, ತಿರಸ್ಕಾರದಿಂದ ಮಾತಾಡುವವನು, ಈ ಕಾಲದ ಕೋಟು-ಟೈ ತೊಟ್ಟವನು. ಎರಡನೆಯದರಲ್ಲಿ ಅವನ ಉಡುಪು ಹಿಂದಿನ ಶತಮಾನದತ್ತ ಸರಿದಿದೆ. ಕುಹಕದ ನಡುವೆ ತುಂಟ ನಗೆಯೊಂದು ಇಣುಕುತ್ತದೆ. ಅಪರಿಚಿತರ ಮಾತನ್ನು ಕೇಳಿಸದವನಂತೆ ಮುರುಕು ಸಾಮಾನು ನೋಡುತ್ತ ನಿಲ್ಲುವ ಚಾಪಲ್ಯವಿದೆ. ಮೊದಲನೆಯವನು ಭಯ ಹುಟ್ಟಿಸುತ್ತಾನೆ, ಎರಡನೆಯವನು ಕುತೂಹಲ. ವರ್ಷಗಟ್ಟಲೆ ವಾರವಾರವೂ ಮನೆಯೊಳಗೆ ಕರೆದುಕೊಳ್ಳಬೇಕಾದ ಅತಿಥಿ ಎರಡನೆಯವನೇ. ಆದರೂ ಮೊದಲನೆಯವನಲ್ಲಿ ಸನ್ನಿವೇಶಕ್ಕೆ ಹೆಚ್ಚು ನಿಷ್ಠವಾದ ಒಂದು ಕ್ರೌರ್ಯವಿತ್ತೆಂಬುದನ್ನು ಒಪ್ಪಬೇಕು. ಓಡಿಬಂದವನಿಗೆ ವಿನಯವೆಲ್ಲಿಂದ ಬರಬೇಕು?

ಸೂಸಾನಳ ಪಾಠಾಂತರಗಳಲ್ಲಿ ಇಂಥ ಸಂದೇಹಕ್ಕೆ ಎಡೆಯಿಲ್ಲ. ತಿರಸ್ಕೃತ ಪ್ರತಿಯಲ್ಲಿ ಆಕೆ ತಾನು 49ನೆಯ ಶತಮಾನದಲ್ಲಿ ಹುಟ್ಟಿದವಳೆಂದು ಹೇಳುತ್ತಾಳೆ. ಪ್ರಸಾರಗೊಂಡ ಪ್ರತಿಯಲ್ಲಿ ಅದು ಇನ್ನೊಂದು ಕಾಲ, ಇನ್ನೊಂದು ಲೋಕ ಎಂಬಷ್ಟಕ್ಕೆ ನಿಲ್ಲುತ್ತದೆ. ಅಂಕಿಯೊಂದು ಹೋದೊಡನೆ ಮಾತಿಗೆ ಆಳ ಬಂದಿತು. ಹಾಗೆಯೇ, ಮೊದಲು ಆಕೆ ಕಾಗದದ ಮೇಲೆ ಮಸಿ ಸಿಡಿಸಿ, ಮಡಿಸಿ, ಮೂಡಿದ ಕಲೆಯನ್ನು ನೋಡುತ್ತ ಕೂರುತ್ತಾಳೆ; ಇದು ಬರಿಯ ವಿಲಕ್ಷಣತೆ. ಪರಿಷ್ಕೃತ ಪಾಠದಲ್ಲಿ ಫ್ರೆಂಚ್ ಕ್ರಾಂತಿಯ ಪುಸ್ತಕವನ್ನು ತಿರುವಿ, ಅದು ಹಾಗಿರಲಿಲ್ಲವೆಂದು ತನ್ನಷ್ಟಕ್ಕೆ ಅಚ್ಚರಿಪಡುತ್ತಾಳೆ. ಚರಿತ್ರೆಯನ್ನು ಕಣ್ಣಾರೆ ಕಂಡವಳೆಂಬ ಸೂಚನೆ ಒಂದೇ ಹೊಡೆತಕ್ಕೆ ಸಿದ್ಧಿಸಿತು. ಬರೆಹದಲ್ಲಿ ಇದಕ್ಕಿಂತ ಒಳ್ಳೆಯ ತಿದ್ದುಪಡಿ ಅಪರೂಪ.

ಇದನ್ನು ಮಾಡಿದವರು ಯಾರು? ತೆರೆಯ ಮೇಲಿನ ಹೆಸರು ಆಂಟನಿ ಕೋಬರ್ನ್ ಒಬ್ಬರದೇ. ಆದರೆ ಅವರಿಗೆ ಮೊದಲು ಸಿ. ಇ. ವೆಬರ್ ಅವರು ಬರೆದ ಕರಡಿತ್ತು. ಕಥಾಸಂಪಾದಕ ಡೇವಿಡ್ ವಿಟೇಕರ್ ಇದ್ದರು. ಮುಖ್ಯಸ್ಥರ ಟೀಕೆ, ನಿರ್ದೇಶಕನ ಕಣ್ಣು, ನಟನ ನಗೆ ಸೇರಿದುವು.

ಧ್ವನಿಯ ವಿಷಯದಲ್ಲಿ ಈ ಅನ್ಯಾಯ ಇನ್ನೂ ಸ್ಪಷ್ಟ. ಶೀರ್ಷಿಕೆಯ ಚಿತ್ರವನ್ನು, ಕ್ಯಾಮರಾವನ್ನು ಅದರದೇ ಬಿಂಬ ತೋರುವ ತೆರೆಗೆ ಎದುರು ಹಿಡಿದು ಪಡೆದರು. ಕ್ಷೌರದಂಗಡಿಯ ಎದುರುಬದುರು ಕನ್ನಡಿಗಳಲ್ಲಿ ಮುಖ ಕೊನೆಯಿಲ್ಲದೆ ಹಿಮ್ಮೆಟ್ಟುವಂತೆ ಬೆಳಕು ಅಲೆಯಲೆಯಾಗಿ ಕದಡಿತು. ಯಂತ್ರ ಹೊರಡುವ ನರಳಿಕೆಗೆ ಬ್ರಯನ್ ಹಾಡ್ಜ್‌ಸನ್ ಮನೆಯ ಬೀಗದ ಕೈಯನ್ನು ಹಳೆಯ ಪಿಯಾನೋದ ತಂತಿಯ ಮೇಲೆ ಉಜ್ಜಿದರು. ಶೀರ್ಷಿಕೆಯ ಸಂಗೀತಕ್ಕೆ ರಾನ್ ಗ್ರೇನರ್ ರಾಗದ ಎಲುಬುಗೂಡನ್ನು ಬರೆದುಕೊಟ್ಟರು. ಬಿ.ಬಿ.ಸಿ.ಯ ರೇಡಿಯೋಫೋನಿಕ್ ಕಾರ್ಯಾಗಾರದ ಡೆಲಿಯಾ ಡರ್ಬಿಷೈರ್, ಡಿಕ್ ಮಿಲ್ಸ್ ಅವರ ನೆರವಿನಿಂದ, ಮೀಟಿದ ತಂತಿಯ ನಾದವನ್ನೂ ವಿದ್ಯುತ್ ಪರೀಕ್ಷಾಯಂತ್ರಗಳ ಸ್ವರವನ್ನೂ ಟೇಪಿಗೆ ಹಿಡಿದು, ಒಂದೊಂದು ಸ್ವರದ ತುಂಡನ್ನೂ ಅಳೆದು, ಕತ್ತರಿಸಿ, ಅಂಟಿಸಿ ಆ ಎಲುಬುಗೂಡಿಗೆ ಜೀವ ತುಂಬಿದರು. ಹೀಗೆ ಸಂಗೀತ ರಚಿಸುವ ವಾದ್ಯವೇ ಆಗ ಅವರಲ್ಲಿರಲಿಲ್ಲ. ಸಿದ್ಧವಾದುದನ್ನು ಕೇಳಿದ ಗ್ರೇನರ್, ಇದು ತಾನು ಬರೆದುದೇ ಎಂದು ಬೆರಗಾದರಂತೆ. ಅರ್ಧ ಗೌರವಧನ ಆಕೆಗೆ ಸಲ್ಲಬೇಕೆಂದು ಅವರು ಬಯಸಿದರೂ, ಕಾರ್ಯಾಗಾರದ ನೌಕರರು ಅನಾಮಿಕರಾಗಿಯೇ ಇರತಕ್ಕದ್ದೆಂಬ ಸಂಸ್ಥೆಯ ನಿಯಮ ಅಡ್ಡಬಂದಿತು. ಜಮಾ ಒಬ್ಬರ ಹೆಸರಿಗೆ, ದುಡಿಮೆ ಇನ್ನೊಬ್ಬರದು. ಇಂಥ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಪ್ರಸಾರದ ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿ ಅವರ ಹತ್ಯೆಯಾಗಿತ್ತು. ನೋಡಿದವರು ಸುಮಾರು 44 ಲಕ್ಷ. ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನು ಮತ್ತೆ ತೋರಿಸಲಾಯಿತು. ಎರಡು ಸಲವೂ ಕೊನೆಯಲ್ಲಿ ಓಡಿದ ಹೆಸರುಗಳಲ್ಲಿ ಗ್ರೇನರ್ ಅವರಿದ್ದರು, ಅವರ ಜೊತೆಗೆ ಕಾರ್ಯಾಗಾರವೂ ಇದ್ದಿತು. ಡರ್ಬಿಷೈರ್ 2001ರಲ್ಲಿ ತೀರಿಕೊಂಡರು. ಆ ಸಂಗೀತಕ್ಕಾಗಿ ಮಾಲೆಯ ತೆರೆಯ ಮೇಲೆ ಆಕೆಯ ಹೆಸರು ಕಾಣಿಸಿದುದು 2013ರ ನವೆಂಬರಿನಲ್ಲಿ, ಐವತ್ತನೆಯ ವರ್ಷದ ವಿಶೇಷ ಕಂತಿನಲ್ಲಿ.