ಮಸ್ಸೊಪ್ಪಿಗೊಂದು ಹ್ಯಾಂಡ್ ಬ್ಲೆಂಡರ್

ಹ್ಯಾಂಡ್ ಬ್ಲೆಂಡರ್ ಕೊಳ್ಳಲೇ ಎಂದು ಯಾರಾದರೂ ಕೇಳಿದರೆ, ಮನೆಯಲ್ಲಿ ಆಗಾಗ ಮಸ್ಸೊಪ್ಪು ಮಾಡುತ್ತೀರಾ ಎಂದು ತಿರುಗಿ ಕೇಳುತ್ತೇನೆ. ಮಾಡುವುದಾದರೆ ಕಣ್ಣುಮುಚ್ಚಿ ಕೊಳ್ಳಿ. ಚಟ್ನಿ ಅರೆಯುವುದಕ್ಕೆ ಎಂದಾದರೆ ಬೇಡ. ನೀರಿಲ್ಲದ ಕಾಯಿತುರಿಯನ್ನು ಅದು ಸುತ್ತ ಸಿಡಿಸುತ್ತದೆ, ನುಣ್ಣಗೆ ಅರೆಯುವುದಿಲ್ಲ. ಆ ಕೆಲಸ ಮಿಕ್ಸಿಯದು. ಇಡ್ಲಿಯ ಉದ್ದು ಗ್ರೈಂಡರಿನದು.

ಸ್ವಿಟ್ಜರ್ಲೆಂಡಿನ ರೋಜರ್ ಪೆರಿನ್‌ಜಾಕೆ 1950ರಲ್ಲಿ ಹ್ಯಾಂಡ್ ಬ್ಲೆಂಡರಿಗೆ ಪೇಟೆಂಟ್ ಪಡೆದರು. ಅಡುಗೆಯನ್ನು ಜಾರಿಗೆ ಸುರಿಯುವ ಬದಲು ಬ್ಲೇಡನ್ನೇ ಪಾತ್ರೆಗೆ ಇಳಿಸುವ ಉಪಾಯ ಅದು. ತುದಿಯಲ್ಲಿ ಗಂಟೆಯಂಥ ಕವಚ, ಅದರ ಮಗ್ಗುಲಲ್ಲಿ ಕಿಂಡಿಗಳು. ಬ್ಲೇಡು ತಿರುಗುತ್ತ ಪದಾರ್ಥವನ್ನು ಒಳಕ್ಕೆ ಸೆಳೆದು, ಕತ್ತರಿಸಿ, ಕಿಂಡಿಗಳಿಂದ ಹೊರದೂಡುತ್ತದೆ. ಹೀಗೆ ಹರಿದಾಡಲು ದ್ರವ ಬೇಕೇ ಬೇಕು.

ಈಗ ಮಸ್ಸೊಪ್ಪಿಗೆ ಬನ್ನಿ. ತೊಗರಿಬೇಳೆ, ದಂಟು, ಹರಿವೆ, ಒಂದು ಹಿಡಿ ಸಬ್ಬಸಿಗೆ, ಟೊಮೆಟೊ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಬೆಂದಿವೆ. ಬಿಸಿಬಿಸಿಯಾದದ್ದನ್ನು ಮಿಕ್ಸಿಗೆ ಹಾಕಿ ಮುಚ್ಚಿದರೆ ಒಳಗಿನ ಹಬೆ ಮುಚ್ಚಳವನ್ನೇ ಎತ್ತಿಬಿಡುತ್ತದೆ; ಆರುವವರೆಗೆ ಕಾಯಬೇಕು. ಹ್ಯಾಂಡ್ ಬ್ಲೆಂಡರಿಗೆ ಆ ಕಾಟವಿಲ್ಲ. ಬೆಂದ ಕಟ್ಟನ್ನು ಬೇರೆ ಬಟ್ಟಲಿಗೆ ಬಸಿದುಕೊಳ್ಳಿ, ಕವಚ ಮುಳುಗುವಷ್ಟು ಮಾತ್ರ ಉಳಿಸಿ. ಮೊದಲು ತುದಿ ಮುಳುಗಲಿ, ಆಮೇಲೆ ಗುಂಡಿ ಒತ್ತಿ. ಒತ್ತಿ ಬಿಡಿ, ಜಾಗ ಬದಲಿಸಿ, ಮತ್ತೆ ಒತ್ತಿ ಬಿಡಿ. ಅಲ್ಲಲ್ಲಿ ಸೊಪ್ಪಿನ ಎಸಳು ಕಾಣುತ್ತಿರುವಾಗಲೇ ನಿಲ್ಲಿಸಬೇಕು. ಇಲ್ಲಿ ಎಲ್ಲರೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಗುಂಡಿ ಒತ್ತಿಹಿಡಿದರೆ ಗಾಳಿ ಸೇರಿ ನೊರೆ ಏಳುತ್ತದೆ, ಹಸಿರು ಮಂಕಾಗುತ್ತದೆ, ನಾಲಿಗೆಗೆ ಸಿಗಬೇಕಾದ ತರಿ ಹೋಗುತ್ತದೆ. ಮರದ ಕಡಗೋಲಿನಲ್ಲಿ ಮಸೆದವರ ಕೈಗೆ ಈ ಹದ ತಾನಾಗಿ ಬರುತ್ತಿತ್ತು. ಯಂತ್ರ ಹಿಡಿದವರು ಕಣ್ಣಿಟ್ಟು ಕಾಯಬೇಕು. ಬಸಿದ ಕಟ್ಟನ್ನು ಆಮೇಲೆ ಬೆರೆಸಿ ಕುದಿಸಿ.

ಒಗ್ಗರಣೆ ಕಡೆಗೇ ಇರಲಿ. ಒಗ್ಗರಣೆ ಬಿದ್ದ ಮೇಲೆ ಬ್ಲೆಂಡರ್ ಇಳಿಸಿದರೆ ಸಾಸಿವೆ ಜಜ್ಜಿ ಕಹಿ ಇಳಿಯುತ್ತದೆ.

ಟೊಮೆಟೊ ಸಾರು, ಕುಂಬಳಕಾಯಿ ಸೂಪು, ಮಾವಿನ ಸೀಕರಣೆ ಎಲ್ಲವೂ ಇದರಲ್ಲಿ ಚೆನ್ನ. ಆಲೂಗಡ್ಡೆಯ ಹತ್ತಿರ ಮಾತ್ರ ಒಯ್ಯಬೇಡಿ. ಬ್ಲೇಡಿನ ವೇಗಕ್ಕೆ ಪಿಷ್ಟ ಹೊರಬಂದು ಸಾಗು ಅಂಟಂಟಾಗುತ್ತದೆ. ಅದಕ್ಕೆ ಸೌಟಿನ ಬೆನ್ನು ಸಾಕು.

ಕೊಳ್ಳುವಾಗ ವ್ಯಾಟ್ ಲೆಕ್ಕಕ್ಕಿಂತ ಮೊದಲು ಪಾತ್ರೆಗಿಳಿಯುವ ಕಾಲು ನೋಡಿ. ಬಿಸಿ ಅಡುಗೆಗೆ ಸ್ಟೀಲಿನದೇ ಆಗಬೇಕು, ಮೋಟರಿನಿಂದ ಬಿಚ್ಚಿಬರುವಂತಿರಬೇಕು. ಸಣ್ಣ ಮೋಟರು ಬೇಗ ಕಾಯುತ್ತದೆ, ನಡುನಡುವೆ ಬಿಡುವು ಕೊಡಿ. ದಂಟಿನ ನಾರು ಬ್ಲೇಡಿಗೆ ಸುತ್ತಿಕೊಂಡರೆ, ಬೆರಳು ಹಾಕುವ ಮೊದಲು ಪ್ಲಗ್ ಕೀಳಿ. ಗುಂಡಿಯಿಂದ ಕೈ ತೆಗೆದಿದ್ದೇನೆ ಎಂಬ ಧೈರ್ಯ ಸಾಲದು. ಕೆಲಸ ಮುಗಿದ ಕೂಡಲೇ ಉದ್ದನೆಯ ಲೋಟದ ಬಿಸಿನೀರಿನಲ್ಲಿ ಒಮ್ಮೆ ತಿರುಗಿಸಿ. ಬೇಳೆ ಒಣಗಿ ಕವಚದೊಳಗೆ ಕಚ್ಚಿಕೊಂಡರೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ.