ಸಟ್ಟೆಯಾಡದವರ ನಷ್ಟ

ಷೇರು ಪೇಟೆಯಲ್ಲಿ ಹಣ ಕಳೆದುಕೊಂಡವನ ವಿಷಯದಲ್ಲಿ ಲೋಕ ಬೇಗನೆ ತೀರ್ಪು ನೀಡುತ್ತದೆ: ಆಸೆಪಟ್ಟವನು ಅವನು, ಅನುಭವಿಸಬೇಕಾದವನೂ ಅವನೇ. ತಂತ್ರಜ್ಞಾನ ಷೇರುಗಳನ್ನು ಹೊಗಳಿ ಮಾರುವವರಿಗೂ ಇದೇ ವಾದ ಆಸರೆ. ಅಪಾಯವನ್ನು ಅರಿತೇ ಕೊಂಡವರಿಗೆ ತಾವೇಕೆ ಹೊಣೆ ಎಂಬುದು ಅವರ ಪ್ರಶ್ನೆ. 1999ರಿಂದ 2001ರವರೆಗೆ ಭಾರತದಲ್ಲಿ ನಡೆದುದನ್ನು ಪರಿಶೀಲಿಸಿದರೆ ಈ ವಾದದ ಪೊಳ್ಳುತನ ಬಯಲಾಗುತ್ತದೆ.

ಅಮೆರಿಕದ ನ್ಯಾಸ್‌ಡ್ಯಾಕ್ ಸೂಚ್ಯಂಕವು 2000ದ ಮಾರ್ಚ್ 10ರಂದು 5,048ನ್ನು ಮುಟ್ಟಿದ ಕಾಲವದು. ಅದರ ಜ್ವರ ಮುಂಬಯಿಗೂ ತಗುಲಿತ್ತು. ಕಂಪ್ಯೂಟರ್ ವಿದ್ಯೆಯೇನೂ ಸುಳ್ಳಾಗಿರಲಿಲ್ಲ. ಬೆಂಗಳೂರಿನ ಇನ್ಫೋಸಿಸ್‌ನಂಥ ಸಂಸ್ಥೆಗಳು ದುಡಿದೇ ಲಾಭ ಗಳಿಸುತ್ತಿದ್ದವು. ಆದರೆ ಹೆಸರಿನ ಕೊನೆಗೆ 'ಇನ್ಫೋಟೆಕ್' ಎಂದೋ 'ಸಾಫ್ಟ್‌ವೇರ್' ಎಂದೋ ಜೋಡಿಸಿಕೊಂಡ ಮಾತ್ರಕ್ಕೆ ಬೆಲೆ ಏರಿಸಿಕೊಂಡ ಕಂಪೆನಿಗಳೂ ಇದ್ದವು. ದಲ್ಲಾಳಿ ಕೇತನ್ ಪಾರೇಖ್ ಒಲಿದ ಹತ್ತು ಷೇರುಗಳನ್ನು ಪೇಟೆಯವರು 'ಕೆ-10' ಎಂದೇ ಕರೆದರು. ಆತ ಕೊಂಡನೆಂಬುದೇ ಉಳಿದವರು ಕೊಳ್ಳಲು ಕಾರಣವಾಯಿತು. ಲೆಕ್ಕಪತ್ರ ತೆರೆದು ನೋಡುವ ತಾಳ್ಮೆ ಬಹಳ ಮಂದಿಗೆ ಉಳಿದಿರಲಿಲ್ಲ.

ಏರಿಕೆಯ ಹಿಂದಿನ ಯಂತ್ರ ಸರಳವಾದುದು. ಷೇರುಗಳನ್ನು ಅಡವಿಟ್ಟು ಸಾಲ ತರುವುದು. ಆ ಸಾಲದಿಂದ ಅದೇ ಷೇರುಗಳನ್ನು ಮತ್ತೆ ಕೊಳ್ಳುವುದು. ಬೆಲೆ ಏರಿದಾಗ ಏರಿದ ಬೆಲೆಗೇ ಪುನಃ ಅಡವಿಡುವುದು. ಪೇಟೆಯ ಭಾಷೆಯಲ್ಲಿ ಇದಕ್ಕೆ ಜಾಣತನವೆಂದು ಹೆಸರು. ಬೆಲೆ ಇಳಿಯದಿರುವವರೆಗೆ ಎಲ್ಲರೂ ಜಾಣರೇ.

ಸಾಲ ಕೊಟ್ಟವರಲ್ಲಿ ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕು ಪ್ರಮುಖವಾದುದು. ಆ ಬ್ಯಾಂಕಿನ ನೂರಾರು ಕೋಟಿ ರೂಪಾಯಿ ಪಾರೇಖ್ ಬಳಗಕ್ಕೆ ಹರಿಯಿತು. ಬ್ಯಾಂಕಿನ ಮುಂಬಯಿ ಶಾಖೆ ಖಾತೆಯಲ್ಲಿ ತಕ್ಕ ಹಣವಿಲ್ಲದೆಯೇ ಪೇ ಆರ್ಡರುಗಳನ್ನು ಬರೆದುಕೊಟ್ಟಿತು. ಅವನ್ನು ನಂಬಿ ಹಣ ಕೊಟ್ಟ ಬ್ಯಾಂಕ್ ಆಫ್ ಇಂಡಿಯಾಕ್ಕೆ 137 ಕೋಟಿ ರೂಪಾಯಿ ಮರಳಲಿಲ್ಲ. 2001ರ ಮಾರ್ಚ್‌ನಲ್ಲಿ ಬೆಲೆಗಳು ಕುಸಿದವು, ಠೇವಣಿದಾರರು ಮಾಧವಪುರ ಬ್ಯಾಂಕಿನ ಬಾಗಿಲಲ್ಲಿ ನೆರೆದರು. ಅದೇ ತಿಂಗಳ 30ರಂದು ಪಾರೇಖ್ ಬಂಧನವಾಯಿತು.

ಬಾಗಿಲಲ್ಲಿ ನೆರೆದವರು ಯಾರು? ಷೇರು ಪೇಟೆಯ ಭಯದಿಂದಲೇ ತಮ್ಮ ಉಳಿತಾಯವನ್ನು ಬ್ಯಾಂಕಿನಲ್ಲಿಟ್ಟವರು ಅವರಲ್ಲಿದ್ದರು. ಗುಜರಾತಿನ ಇತರ ಅನೇಕ ಸಹಕಾರಿ ಬ್ಯಾಂಕುಗಳೂ ಅಲ್ಲಿಯೇ ಹಣವಿಟ್ಟಿದ್ದರಿಂದ, ಮಾಧವಪುರದ ಹೆಸರನ್ನೇ ಕೇಳದ ಊರಿನ ಠೇವಣಿದಾರನಿಗೂ ಪೆಟ್ಟು ತಟ್ಟಿತು. ಆಗ ಠೇವಣಿ ವಿಮೆಯ ಮಿತಿ ಒಬ್ಬನಿಗೆ ಒಂದು ಲಕ್ಷ ರೂಪಾಯಿ ಮಾತ್ರ. ಇವರಲ್ಲಿ ಯಾರು ಅಪಾಯವನ್ನು ಅರಿತು ಕೊಂಡವರು?

ಧರ್ಮಸಂಸ್ಥೆಗಳ ಆಡಳಿತಗಾರರು ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. 1961ರ ಆದಾಯ ತೆರಿಗೆ ಕಾಯ್ದೆಯ 11(5)ನೆಯ ಉಪವಿಧಿಯು ತೆರಿಗೆ ವಿನಾಯಿತಿ ಬಯಸುವ ಟ್ರಸ್ಟುಗಳನ್ನು ಖಾಸಗಿ ಕಂಪೆನಿಗಳ ಷೇರುಗಳಿಂದ ಬಹುಮಟ್ಟಿಗೆ ದೂರವಿರಿಸಿ, ಸಹಕಾರಿ ಬ್ಯಾಂಕಿನ ಠೇವಣಿಗೆ ಸಮ್ಮತಿಸಿತ್ತು. ಬೇಲಿ ಸರಿಯಾಗಿಯೇ ಇತ್ತು. ಆದರೆ ಬೇಲಿಯೊಳಗಿನ ಬ್ಯಾಂಕು ತಾನೇ ಸಟ್ಟೆಗೆ ಇಳಿದಿದ್ದರೆ ಕಾಯ್ದೆಯ ಅಕ್ಷರವನ್ನು ಪಾಲಿಸಿದ ದೇವಾಲಯದ ಹಣವೂ ದಲ್ಲಾಳಿಯ ಕೈಗೆ ಸೇರಬಹುದು. ಬಡ್ಡಿಯ ದರವನ್ನು ಕೇಳಿ ಸುಮ್ಮನಾಗುವ ಆಡಳಿತ ಮಂಡಳಿ, ಆ ಬಡ್ಡಿ ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಪಾರೇಖ್‌ನನ್ನು ಸೆಬಿ 2003ರಲ್ಲಿ 14 ವರ್ಷಗಳ ಕಾಲ ಪೇಟೆಯಿಂದ ಹೊರಗಿಟ್ಟಿತು. ಪುನಶ್ಚೇತನದ ಯತ್ನಗಳು ಫಲಿಸದೆ, ಮಾಧವಪುರ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕು 2012ರ ಜೂನ್‌ನಲ್ಲಿ ರದ್ದುಪಡಿಸಿತು.